ಆಂಪ್ಲಿಫೈಯರಿಗೊಂದು ಪ್ರತ್ಯೇಕ ಲೈನು

ಒಂದು ಮನೆ ಶ್ರುತಿಗೆ (ಹಾರ್ಮೋನಿಯಮ್ಮಿನ ‘ಸಿ’ ಮನೆಗೆ) ಸೇರಿಸಿದ ತಂಬೂರಿಯ ಮಂದ್ರ ಪಂಚಮ, ಎಂದರೆ ಕೆಳಸ್ಥಾಯಿಯ ‘ಪ’, ಸೆಕೆಂಡಿಗೆ ಸುಮಾರು 98 ಸಲ ಕಂಪಿಸುತ್ತದೆ. ನಮ್ಮ ಮನೆಗೆ ಬರುವ ವಿದ್ಯುತ್ತು 50 ಹರ್ಟ್ಸಿನದು, ಎಂದರೆ ಸೆಕೆಂಡಿಗೆ 50 ಆವರ್ತದ್ದು. ಅದರಿಂದ ಸ್ಪೀಕರಿನಲ್ಲಿ ಹುಟ್ಟುವ ಗುಂಯ್ ಸದ್ದಿನಲ್ಲಿ 100 ಹರ್ಟ್ಸಿನ ಪಾಲೂ ಇರುತ್ತದೆ. ಅದು ಪಂಚಮದೊಡನೆ ಬೆರೆತರೆ ಸೆಕೆಂಡಿಗೆ ಎರಡು ಸಲ ಏರಿಳಿಯುವ ಮಿಡಿತ ಕೇಳಿಸುತ್ತದೆ. ಅಚ್ಚುಕಟ್ಟಾಗಿ ಸೇರಿಸಿದ ಶ್ರುತಿ ಕೆಟ್ಟಂತಾಗುತ್ತದೆ. ಆಲಾಪನೆಯನ್ನು ಮನಸ್ಸಿಟ್ಟು ಕೇಳುವವರಿಗೆ ಇದು ಸಹಿಸಲಾಗದ ಹಿಂಸೆ.

ಈ ಸದ್ದು ಅನೇಕ ಸಲ ಬರುವುದು ಅರ್ಥಿಂಗ್ ತಂತಿಯ ದಾರಿಯಿಂದ. ಆಂಪ್ಲಿಫೈಯರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಅದಕ್ಕೆ ಸಂಗೀತ ಕಳಿಸುವ ಕಂಪ್ಯೂಟರ್ ಇನ್ನೊಂದು ಗೋಡೆಯಲ್ಲಿ ಇವೆಯೆನ್ನಿ. ಎರಡರ ಅರ್ಥಿಂಗ್ ತಂತಿಗಳೂ ಬೇರೆ ಬೇರೆ ದಾರಿ ಹಿಡಿದು ಮುಖ್ಯ ಬೋರ್ಡು ಸೇರುತ್ತವೆ. ಫ್ರಿಜ್, ವಾಷಿಂಗ್ ಮಷೀನುಗಳಿಂದ ಸೋರುವ ಅಲ್ಪ ಕರೆಂಟು ಆ ತಂತಿಗಳಲ್ಲಿ ಹರಿದು, ಎರಡು ತುದಿಗಳ ನಡುವೆ ಒಂದು ಮಿಲಿವೋಲ್ಟಿನಷ್ಟು ವ್ಯತ್ಯಾಸ ಮಾಡಿದರೂ ಸಾಕು. ಆಡಿಯೊ ಕೇಬಲ್ಲಿನ ಹೊರಜಾಲರಿ ಅವೆರಡನ್ನೂ ಕೂಡಿಸಿ ಸುತ್ತನ್ನು ಪೂರ್ಣಗೊಳಿಸುತ್ತದೆ. ಸಂಗೀತದ ಸಂಕೇತ ಮರಳುವುದೂ ಅದೇ ಜಾಲರಿಯಲ್ಲಿ; ಹಾಗಾಗಿ ಆ ವ್ಯತ್ಯಾಸ ಸಂಗೀತದೊಡನೆ ಬೆರೆಯುತ್ತದೆ. ಸಿಡಿ ಪ್ಲೇಯರಿನ ಗರಿಷ್ಠ ಸಂಕೇತ ಸುಮಾರು 2 ವೋಲ್ಟ್. ಒಂಟಿ ತಂಬೂರಿಯ ನಾದ ಅದರ ನೂರರಲ್ಲೊಂದು ಪಾಲಿದ್ದರೆ 20 ಮಿಲಿವೋಲ್ಟ್. ಅಲ್ಲಿ ಒಂದು ಮಿಲಿವೋಲ್ಟಿನ ಗುಂಯ್ ಸ್ಪಷ್ಟವಾಗಿ ಕೇಳುತ್ತದೆ.

ಆದ್ದರಿಂದ ಬೋರ್ಡಿನಲ್ಲಿ 16 ಆಂಪಿಯರಿನ ಪ್ರತ್ಯೇಕ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಹಾಕಿಸಿ, 2.5 ಚದರ ಮಿ.ಮೀ. ತಾಮ್ರದ ಫೇಸ್, ನ್ಯೂಟ್ರಲ್, ಅರ್ಥಿಂಗ್ ಮೂರನ್ನೂ ಒಂದೇ ಪೈಪಿನಲ್ಲಿ ಎಳೆಸಿ, ಆಡಿಯೊ ಉಪಕರಣಗಳನ್ನೆಲ್ಲ ಅಕ್ಕಪಕ್ಕದ ಸಾಕೆಟ್ಟುಗಳಿಗೆ ಜೋಡಿಸಬೇಕು. ಬೇರೆ ಯಾವುದೂ ಈ ಲೈನಿಗೆ ಬೇಡ. ಸೆಕೆಂಡಿಗೆ ನೂರು ಸಲ ಕರೆಂಟನ್ನು ಕತ್ತರಿಸುವ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಂತೂ ಬೇಡವೇ ಬೇಡ. ಹದಿನೈದು ಮೀಟರಿನ ಇಂಥ ಲೈನಿನಲ್ಲಿ ಹೋಗಿ ಬರುವ ದಾರಿಯ ರೋಧ (ಕರೆಂಟಿಗೆ ತಂತಿ ಒಡ್ಡುವ ತಡೆ) ಸುಮಾರು 0.22 ಓಮ್. ಮೋಟಾರೊಂದು ಅದೇ ಲೈನಿನಲ್ಲಿ 10 ಆಂಪಿಯರ್ ಎಳೆದರೆ ಎರಡು ವೋಲ್ಟ್ ಕುಸಿಯುತ್ತದೆ. ಆದರೆ ಅಷ್ಟು ಕುಸಿತ ಆಂಪ್ಲಿಫೈಯರಿಗೆ ಲೆಕ್ಕಕ್ಕಿಲ್ಲ. ನನ್ನ ಮಟ್ಟಿಗೆ ಪ್ರತ್ಯೇಕ ಲೈನಿನ ನಿಜವಾದ ಲಾಭ ಒಂದೇ: ಎಲ್ಲ ಉಪಕರಣಗಳಿಗೂ ಒಂದೇ ಅರ್ಥಿಂಗ್ ನೆಲೆ ಸಿಗುವುದು.

ಆಡಿಯೊಗೆಂದೇ ಹಿತ್ತಲಿನಲ್ಲಿ ಬೇರೆ ಅರ್ಥಿಂಗ್ ಗುಂಡಿ ತೋಡಿಸುವ ಸಲಹೆಯನ್ನು ಮಾತ್ರ ದಯವಿಟ್ಟು ಕೇಳಬೇಡಿ. ಆ ಗುಂಡಿಯ ರೋಧ 20 ಓಮ್ ಇದ್ದರೆ, ಫೇಸ್ ತಂತಿ ಆಂಪ್ಲಿಫೈಯರಿನ ಲೋಹದ ಕವಚಕ್ಕೆ ತಗುಲಿದಾಗ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್. 16ರ ಎಂಸಿಬಿ ಬೀಳುವುದೇ ಇಲ್ಲ. ಕವಚ ಮುಟ್ಟಿದವರ ಜೀವಕ್ಕೇ ಅಪಾಯ. ಹತ್ತಿರದಲ್ಲಿ ಸಿಡಿಲು ಬಡಿದರೆ ಎರಡು ಗುಂಡಿಗಳ ನಡುವಿನ ಸಾವಿರಾರು ವೋಲ್ಟ್ ಉಪಕರಣಗಳ ಮೂಲಕವೇ ಹಾಯಬಹುದು. ಹೊಸ ಲೈನಿನ ಅರ್ಥಿಂಗ್ ಮನೆಯ ಮುಖ್ಯ ಅರ್ಥಿಂಗ್ ಪಟ್ಟಿಗೇ ಸೇರಬೇಕು. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್ಚು) ಇರಲೇಬೇಕು. ಗುಂಯ್ ನಿಲ್ಲಲೆಂದು ಪ್ಲಗ್ಗಿನ ದಪ್ಪ ಅರ್ಥಿಂಗ್ ಪಿನ್ನನ್ನು ಕಿತ್ತುಹಾಕುವುದೂ ಇಷ್ಟೇ ಅಪಾಯಕಾರಿ.

ಗೋಡೆ ಒಡೆಸುವ ಮುನ್ನ ಆಂಪ್ಲಿಫೈಯರನ್ನು ಆಫ್ ಮಾಡಿ, ಅದಕ್ಕೆ ಬರುವ ಆಡಿಯೊ ಕೇಬಲ್ಲುಗಳನ್ನೆಲ್ಲ ಬಿಚ್ಚಿ, ಆಂಪ್ಲಿಫೈಯರನ್ನಷ್ಟೇ ಮತ್ತೆ ಆನ್ ಮಾಡಿ ನೋಡಿ. ಗುಂಯ್ ನಿಂತರೆ ಅರ್ಥಿಂಗ್ ಸುತ್ತಿನ ಮೇಲೆ ಅನುಮಾನ ಪಡಬಹುದು. ನಿಲ್ಲದಿದ್ದರೆ ದೋಷ ಬಹುಶಃ ಆಂಪ್ಲಿಫೈಯರಿನ ಒಳಗೇ, ವಿದ್ಯುತ್ತಿನ ಏರಿಳಿತವನ್ನು ಸಮಮಾಡುವ ಫಿಲ್ಟರ್ ಕೆಪಾಸಿಟರುಗಳು ಸೊರಗಿದ್ದರಲ್ಲಿದೆ. ಆಗ ಕರೆಯಬೇಕಾದದ್ದು ವೈರಿಂಗ್‌ನವರನ್ನಲ್ಲ, ಆಂಪ್ಲಿಫೈಯರ್ ರಿಪೇರಿ ಮಾಡುವವರನ್ನು.