ಚಾಟ್‌ನಲ್ಲಿ ಬರುವ ಇಂಗ್ಲಿಷ್ ಎದುರಿಗೆ ಯಾಕೆ ಬರಲ್ಲ?

ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನಾಲ್ಕು ಸಾಲು ಇಂಗ್ಲಿಷ್ ಚೆನ್ನಾಗಿಯೇ ಬರೆಯುತ್ತೇವೆ. ಅದೇ ಮಾತನ್ನು ಮೇಡಂ ಎದುರಿಗೆ ನಿಂತು ಹೇಳಬೇಕೆಂದರೆ ಬಾಯಿ ಕಟ್ಟುತ್ತದೆ. ನಮ್ಮಲ್ಲಿ ಬಹಳ ಜನಕ್ಕೆ ಹೀಗಾಗುತ್ತದೆ, ಅಲ್ವಾ?

ದೊಡ್ಡ ಕಾರಣ ಸಮಯ. 2009ರಲ್ಲಿ 10 ಭಾಷೆಗಳ ಮಾತುಕತೆಯನ್ನು ಹೋಲಿಸಿದ ಒಂದು ಅಧ್ಯಯನ ಬಂತು. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಪಾಲು ಮಾತ್ರ. ಅಷ್ಟರೊಳಗೆ ನಾವು ಪದ ಹುಡುಕಬೇಕು, ಕನ್ನಡದಲ್ಲಿ ಕೊನೆಗೆ ಬರುವ ಕ್ರಿಯಾಪದವನ್ನು ವಾಕ್ಯದ ನಡುವೆ ಕೂರಿಸಬೇಕು. ಚಾಟ್‌ನಲ್ಲಾದರೆ ಬರೆದು, ಅಳಿಸಿ, ಮತ್ತೆ ಬರೆಯಬಹುದು. ಹವಾಯಿಯಲ್ಲಿ ಭಾಷಾ ಕಲಿಕೆಯ ಸಂಶೋಧಕ ಮಾರ್ಕ್ ವಾರ್‌ಶೌವರ್ 16 ವಿದ್ಯಾರ್ಥಿಗಳ ಚರ್ಚೆಯನ್ನು ಎದುರಿಗೆ ಮಾತಾಡುವಾಗ, ಟೈಪ್ ಮಾಡುವಾಗ ಎರಡೂ ರೀತಿಯಲ್ಲಿ ನೋಡಿ 1996ರಲ್ಲಿ ಬರೆದರು. ಟೈಪ್ ಮಾಡುವಾಗ ಎಲ್ಲರೂ ಹೆಚ್ಚು ಸಮನಾಗಿ ಪಾಲ್ಗೊಂಡಿದ್ದರು. ಸುಮ್ನೆ ಕೂರುವವರಿಗೂ ಜಾಗ ಸಿಕ್ಕಿತ್ತು. ನನಗೆ ಇದು ತುಂಬಾ ಧೈರ್ಯ ಕೊಟ್ಟ ವಿಷಯ.

ಹಾಗಂತ ಚಾಟ್ ಒಂದೇ ಸಾಲದು. ಮಾತು ಅರ್ಥವಾಗದೆ ಸಿಕ್ಕಿಕೊಂಡಾಗ ಅದನ್ನು ಬಿಡಿಸಿಕೊಳ್ಳುವ ಕೆಲಸದಲ್ಲೇ ಭಾಷೆ ಕಲಿಯುತ್ತೇವೆ ಎಂದು ಭಾಷಾ ಕಲಿಕೆಯ ಇನ್ನೊಬ್ಬ ಸಂಶೋಧಕ ಮೈಕಲ್ ಲಾಂಗ್ ವಾದಿಸಿದರು. ‘ಸಾರಿ, ಕ್ಯಾನ್ ಯು ಸೇ ದಟ್ ಅಗೇನ್?’ ಎಂದು ಕೇಳುವುದು ಒಂದು ದಾರಿ. ‘ಡು ಯು ಮೀನ್ ಟುಮಾರೋ?’ ಎಂದು ಖಚಿತ ಮಾಡಿಕೊಳ್ಳುವುದು ಇನ್ನೊಂದು. ನಾವು ಮಾಡುವುದು ಏನು? ಅರ್ಥವಾಗದಿದ್ದರೂ ‘ಯೆಸ್, ಯೆಸ್’ ಎಂದು ತಲೆಯಾಡಿಸುತ್ತೇವೆ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ.

ಆ ‘ಯೆಸ್’ನಲ್ಲೇ ಇನ್ನೊಂದು ತೊಡಕಿದೆ. ‘ನೀವು ಬರಲ್ವಾ?’ ಎಂದರೆ ನಾವು ‘ಹೂಂ, ಬರಲ್ಲ’ ಎನ್ನುತ್ತೇವೆ. ‘ಆರಂಟ್ ಯು ಕಮಿಂಗ್?’ ಎಂದು ಕೇಳಿದಾಗ ಅದೇ ಲೆಕ್ಕದಲ್ಲಿ ‘ಯೆಸ್’ ಎಂದರೆ, ಕೇಳಿದವರು ನಾವು ಬರುತ್ತೇವೆ ಅಂದುಕೊಳ್ಳುತ್ತಾರೆ! ‘ನೋ, ಐ ಆಮ್ ನಾಟ್’ ಎಂದು ಪೂರ್ತಿ ಹೇಳಿಬಿಡಿ, ಗೊಂದಲ ಇರಲ್ಲ. ಎದುರಿಗಿದ್ದರೆ ಅವರ ಮುಖ ನೋಡಿಯಾದರೂ ತಪ್ಪಿದ್ದು ಗೊತ್ತಾಗುತ್ತದೆ. ಚಾಟ್‌ನಲ್ಲಿ ಅವರು ನಮಗಾಗಿ ಕಾಯುತ್ತಾ ಕೂತಿರಬಹುದು.

ವಿಡಿಯೋ ಕ್ಲಾಸಿನ ಕಷ್ಟವೇ ಬೇರೆ. ಕತೆ ಕೇಳುವಾಗ ನಾವು ‘ಹೂಂ’ಗುಟ್ಟುತ್ತೇವಲ್ಲ, ಮೈಕ್ ಮ್ಯೂಟ್ ಆಗಿದ್ದರೆ ಆ ಹೂಂ ಯಾರಿಗೂ ತಲುಪುವುದಿಲ್ಲ. ಕ್ಯಾಮೆರಾನೂ ಆಫ್ ಆಗಿದ್ದರೆ ನಮಗೆ ಅರ್ಥವಾಯಿತೋ ಇಲ್ಲವೋ ಎಂದು ಕಲಿಸುವವರಿಗೆ ತಿಳಿಯುವ ದಾರಿಯೇ ಇಲ್ಲ. ಅದಕ್ಕೆ ನಾನು ಹೀಗೆ ಮಾಡುತ್ತೇನೆ: ಕೇಳಬೇಕಾದ ಪ್ರಶ್ನೆಯನ್ನು ಮೊದಲು ಚಾಟ್ ಬಾಕ್ಸಿನಲ್ಲಿ ಟೈಪ್ ಮಾಡುತ್ತೇನೆ. ಕಳಿಸುವುದಿಲ್ಲ. ಮೈಕ್ ಆನ್ ಮಾಡಿ, ಅದನ್ನೇ ನೋಡಿಕೊಂಡು ಬಾಯಲ್ಲಿ ಕೇಳುತ್ತೇನೆ.