ಡೊಮೇನ್ ಬದಲಾದರೂ ಹಳೆಯದನ್ನು ಬಿಡಬೇಡಿ

2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ‘.ಬ್ಯಾಂಕ್.ಇನ್’ ಎಂದು ಕೊನೆಗೊಳ್ಳುವ ಡೊಮೇನ್‌ಗೆ (ಜಾಲತಾಣದ ಹೆಸರಿಗೆ) ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಬ್ಯಾಂಕಿನ ಹೆಸರನ್ನೇ ಹೋಲುವ ನಕಲಿ ತಾಣಗಳಿಗೆ ಜನ ಮರುಳಾಗದಿರಲಿ ಎಂಬುದು ಉದ್ದೇಶ. ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸಿತು. ಹೊಸ ಹೆಸರು ಪಡೆಯುವುದು ಅರ್ಜಿ ತುಂಬುವ ಕೆಲಸ. ತಲೆನೋವಿರುವುದು ಹಳೆಯ ಹೆಸರಿಗೆ ಬರುವವರನ್ನು ಸರಿಯಾದ ಪುಟಕ್ಕೆ ತಲುಪಿಸುವುದರಲ್ಲಿ.

ಯಾವ ಪುಟಕ್ಕೆ ಬಂದರೂ ಹೊಸ ಮುಖಪುಟಕ್ಕೆ ಕಳುಹಿಸಿ ಕೈತೊಳೆದುಕೊಳ್ಳುವುದು ಸುಲಭದ ದಾರಿ. ಆಗ ಚಿನ್ನಾಭರಣ ಸಾಲದ ಬಡ್ಡಿದರ ನೋಡಲು ಬಂದವರಿಗೆ ಅಧ್ಯಕ್ಷರ ಭಾವಚಿತ್ರದ ದರ್ಶನವಾಗುತ್ತದೆ! ಹೀಗೆ ಮುಖಪುಟಕ್ಕೆ ತಿರುಗಿಸಿದ ಹಳೆಯ ಪುಟವನ್ನು ‘ಇಲ್ಲದ ಪುಟ’ ಎಂದೇ ಗೂಗಲ್ ಪರಿಗಣಿಸುವ ಸಂಭವವೂ ಇದೆ. ಹಳೆಯ ಪ್ರತಿ ಪುಟಕ್ಕೂ ಅದಕ್ಕೆ ಸಮನಾದ ಹೊಸ ಪುಟ ಯಾವುದೆಂದು ಮೊದಲು ಪಟ್ಟಿ ಮಾಡಿಕೊಳ್ಳಬೇಕು. ಬೇಸರದ ಕೆಲಸವೇ, ಆದರೆ ಬೇರೆ ದಾರಿಯಿಲ್ಲ.

ಹಳೆಯ ವಿಳಾಸಕ್ಕೆ ಬಂದ ಬ್ರೌಸರ್‌ಗೆ ಸರ್ವರ್ (ತಾಣವನ್ನು ಒದಗಿಸುವ ಕಂಪ್ಯೂಟರ್) ಹೊಸ ವಿಳಾಸದ ಜೊತೆ ಒಂದು ಸಂಕೇತ ಸಂಖ್ಯೆಯನ್ನೂ ಕೊಡುತ್ತದೆ. ಅದು 301 ಆಗಿದ್ದರೆ ಶಾಶ್ವತ ಬದಲಾವಣೆ, 302 ಆಗಿದ್ದರೆ ತಾತ್ಕಾಲಿಕ. ಬ್ರೌಸರ್‌ಗಳು 301ನ್ನು ನೆನಪಿಟ್ಟುಕೊಳ್ಳುತ್ತವೆ. ತಪ್ಪು ವಿಳಾಸ ಕೊಟ್ಟು ಮರುದಿನ ತಿದ್ದಿದರೂ ಕೆಲವರ ಕಂಪ್ಯೂಟರ್ ಹಳೆಯ ತಪ್ಪನ್ನೇ ಹಿಡಿದುಕೊಂಡಿರುತ್ತದೆ. ಹಾಗಾಗಿ ನಾನು 302ರಲ್ಲಿ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದಾದ ಮೇಲೆಯೇ 301 ಹಾಕುತ್ತೇನೆ. ಫಾರ್ಮ್ ತುಂಬಿ ಕಳುಹಿಸಿದ ಮಾಹಿತಿ ಹೋಗುವ ವಿಳಾಸಕ್ಕೆ 308 ಬೇಕು. ಅದೂ ಶಾಶ್ವತ ಬದಲಾವಣೆಯೇ, ಆದರೆ ಮಾಹಿತಿಯನ್ನು ಹಾಗೆಯೇ ಹೊಸ ವಿಳಾಸಕ್ಕೆ ದಾಟಿಸುತ್ತದೆ. ಅಲ್ಲಿ 301 ಹಾಕಿದರೆ ತುಂಬಿದ ಮಾಹಿತಿ ದಾರಿಯಲ್ಲೇ ಕಳೆದುಹೋಗಬಹುದು.

ಅಪಾಚೆ ಎಂಬ ಸರ್ವರ್ ತಂತ್ರಾಂಶದಲ್ಲಿ ಒಂದು ಓರೆಗೆರೆ (/) ಎಷ್ಟು ಕಾಡುತ್ತದೆ ನೋಡಿ. ಇಡೀ ತಾಣವನ್ನು ದಾಟಿಸುವ ಸಾಲಿನಲ್ಲಿ ಹೊಸ ವಿಳಾಸದ ಕೊನೆಗೆ ಓರೆಗೆರೆ ಬಿಟ್ಟುಹೋದರೆ, ‘ಹೊಸಹೆಸರು.ಇನ್/ಸಾಲ’ ಎಂದಾಗಬೇಕಾದದ್ದು ‘ಹೊಸಹೆಸರು.ಇನ್‌ಸಾಲ’ ಎಂದು ಅಂಟಿಕೊಳ್ಳುತ್ತದೆ. ಮುಖಪುಟ ಮಾತ್ರ ಸರಿಯಾಗಿ ತೆರೆಯುತ್ತದೆ. ಅದನ್ನಷ್ಟೇ ನೋಡಿ ‘ಆಯಿತು ಸರ್’ ಎಂದವರಿಗೆ ಇದು ಗೊತ್ತಾಗುವುದೇ ಇಲ್ಲ.

ಹಳೆಯ ಡೊಮೇನ್‌ನ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನೂ (ತಾಣ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಪತ್ರ) ಹಲವರು ಮರೆಯುತ್ತಾರೆ. ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕದ) ಕೊಂಡಿಯಲ್ಲಿ ಬ್ರೌಸರ್ ಮೊದಲು ಪರಿಶೀಲಿಸುವುದು ಆ ಪ್ರಮಾಣಪತ್ರವನ್ನು, 301 ಆಮೇಲಿನ ಮಾತು. ಅದರ ಅವಧಿ ಮುಗಿದಿದ್ದರೆ ಗ್ರಾಹಕರಿಗೆ ಕಾಣುವುದು ಎಚ್ಚರಿಕೆಯ ಪರದೆ ಮಾತ್ರ. ಬ್ಯಾಂಕಿನ ವಿಷಯದಲ್ಲಿ ಅದನ್ನು ಕಂಡವರು ಮುಂದುವರಿಯುವುದಿಲ್ಲ, ಮುಂದುವರಿಯಲೂ ಬಾರದು.

ಎಷ್ಟು ಕಾಲ ಹೀಗೆ ದಾಟಿಸುತ್ತಿರಬೇಕು? ಕನಿಷ್ಠ ಒಂದು ವರ್ಷ ಎನ್ನುತ್ತದೆ ಗೂಗಲ್. ಅದು ಹುಡುಕಾಟದ ಲೆಕ್ಕ. ಪಾಸ್‌ಬುಕ್, ಕರಪತ್ರ, ಹಳೆಯ ಎಸ್‌ಎಂಎಸ್‌ಗಳಲ್ಲಿ ಅಚ್ಚಾಗಿರುವ ವಿಳಾಸಗಳಿಗೆ ಅಂಥ ಗಡುವು ಇಲ್ಲ. ನವೀಕರಿಸದೆ ಬಿಟ್ಟ ಡೊಮೇನನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರು ಆ ಹೆಸರಿನಲ್ಲಿ ನಕಲಿ ಲಾಗಿನ್ ಪುಟ ತೆರೆಯಬಹುದು. ಸಿಬ್ಬಂದಿಯ ಹಳೆಯ ಇಮೇಲ್ ವಿಳಾಸಗಳಿಗೆ ಬರುವ ಪಾಸ್‌ವರ್ಡ್ ಬದಲಾವಣೆಯ ಪತ್ರಗಳೂ ಅವರ ಕೈಸೇರುತ್ತವೆ. ನವೀಕರಣಕ್ಕೆ ವರ್ಷಕ್ಕೆ ತಗಲುವ ವೆಚ್ಚವನ್ನು ಉಳಿಸಲು ಹೊರಡುವ ಆಡಳಿತ ಮಂಡಳಿಗೆ ನಾನು ಮೊದಲು ತೋರಿಸುವುದು ಹಳೆಯ ವಿಳಾಸಕ್ಕೆ ಈಗಲೂ ಬರುತ್ತಿರುವ ಇಮೇಲ್‌ಗಳ ಪಟ್ಟಿಯನ್ನು.