ಮಾಡೆಲ್ ಎಂ ಕೀಬೋರ್ಡಿಗೆ ಯುಎಸ್‌ಬಿ: ಆ ಚಿಕ್ಕ ಅಡಾಪ್ಟರ್ ನಂಬಬೇಡಿ

ಅಟ್ಟದಿಂದ ಇಳಿಸಿದ ಹಳೇ ಐಬಿಎಂ ಮಾಡೆಲ್ ಎಂ ಕೀಬೋರ್ಡ್ ಹಿಡಿದು ನನ್ನ ರಿಪೇರಿ ಟೇಬಲ್ಲಿಗೆ ಬರುವವರ ಜೇಬಿನಲ್ಲಿ ಸಾಮಾನ್ಯವಾಗಿ ಹೆಬ್ಬೆರಳುದ್ದದ ಒಂದು ಅಡಾಪ್ಟರೂ ಇರುತ್ತದೆ. ಒಂದು ಕಡೆ ಪಿಎಸ್/2 (ಹಳೇ ಕಂಪ್ಯೂಟರುಗಳಲ್ಲಿ ಕೀಬೋರ್ಡಿಗಿದ್ದ ಚಿಕ್ಕ ದುಂಡನೆಯ ಕಿಂಡಿ), ಇನ್ನೊಂದು ಕಡೆ ಯುಎಸ್‌ಬಿ. "ಸರಿಯಾಗೇ ಕೂರುತ್ತೆ ಸಾರ್, ಆದ್ರೆ ಒಂದಕ್ಷರಾನೂ ಬರ್ತಿಲ್ಲ."

ಬರೋದೇ ಇಲ್ಲ. ಅದರೊಳಗೆ ಬರೀ ತಂತಿ, ಚಿಪ್ ಇಲ್ಲ. ಪಿಎಸ್/2, ಯುಎಸ್‌ಬಿ ಎರಡೂ ಬಲ್ಲ ಕೀಬೋರ್ಡಿಗೆ ಮಾತ್ರ ಅದು ಸಾಕು. ಮಾಡೆಲ್ ಎಂ ಬಂದದ್ದು 1985ರಲ್ಲಿ, ಯುಎಸ್‌ಬಿ 1996ರಲ್ಲಿ. ಗೊತ್ತಿರೋದಾದರೂ ಹೇಗೆ, ಅಲ್ವಾ?

ಬೇಕಾದದ್ದು ಒಳಗೆ ಚಿಪ್ ಇರುವ ಕನ್ವರ್ಟರ್. ರೆಡಿಮೇಡ್ ಸಿಗುತ್ತದೆ, ಆದರೆ ತೀರಾ ಅಗ್ಗದ್ದು ಕೈಕೊಡುತ್ತದೆ, ಯಾಕೆಂದರೆ ಈ ಹಳೇ ಕೀಬೋರ್ಡುಗಳು ಈಗಿನವಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತವೆ. ಬೆಸುಗೆ ಹಾಕಲು ಬರುವವರಿಗೆ ನಾನು ಹೇಳುವುದು ಪ್ರೊ ಮೈಕ್ರೊ ಎಂಬ ಪುಟ್ಟ ಚಿಪ್ ಬೋರ್ಡು, ಅದರಲ್ಲಿ ಕೀಬೋರ್ಡಿನ ಮಾತನ್ನು ಯುಎಸ್‌ಬಿಗೆ ಬದಲಿಸುವ ಟಿಎಂಕೆ ಫರ್ಮ್‌ವೇರ್. ತಂತಿ ನಾಲ್ಕೇ: 5 ವೋಲ್ಟ್, ಗ್ರೌಂಡ್, ಕ್ಲಾಕ್, ಡೇಟಾ. ಕ್ಲಾಕ್ ಮತ್ತು ಡೇಟಾದಿಂದ 5 ವೋಲ್ಟಿಗೆ ಒಂದೊಂದು 4.7 ಕಿಲೋ ಓಮ್ ರೆಸಿಸ್ಟರ್ ಹಾಕಿ. ತಂತಿಯ ಬಣ್ಣ ನೋಡಿ ಜೋಡಿಸಬೇಡಿ, ಮಲ್ಟಿಮೀಟರ್ ಹಿಡಿದು ಯಾವ ಪಿನ್ನಿನ ತಂತಿ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಮನೆಯಲ್ಲಿ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡು ಇದೆ ಅಂತ ಸುಮ್ನೆ ಅದಕ್ಕೇ ಜೋಡಿಸಬೇಡಿ. ಅದರ ಪಿನ್ನುಗಳು 3.3 ವೋಲ್ಟಿನವು, ನಡುವೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಇರಲೇಬೇಕು.

ದಪ್ಪ ದುಂಡನೆಯ 5 ಪಿನ್ ಪ್ಲಗ್ ಇದ್ದರೆ ಸ್ವಲ್ಪ ತಡೆಯಿರಿ. ಅದು 1984ರ ಐಬಿಎಂ ಪಿಸಿ ಎಟಿ ಕಾಲದ್ದಾದರೆ ಚಿಂತೆಯಿಲ್ಲ, ಪಿಎಸ್/2 ಜೊತೆ ಅದರ ಮಾತು ಒಂದೇ, ಆ ಪ್ಲಗ್ಗನ್ನು ಪಿಎಸ್/2 ಮಾಡಲು ಮಾತ್ರ ಬರೀ ತಂತಿಯ ಅಡಾಪ್ಟರ್ ನಡೆಯುತ್ತದೆ, ಯುಎಸ್‌ಬಿಗೆ ಕನ್ವರ್ಟರ್ ಬೇಕೇ ಬೇಕು. ಆದರೆ 1981ರ ಐಬಿಎಂ ಪಿಸಿಯ ಕೀಬೋರ್ಡಿಗೂ ಅದೇ ಪ್ಲಗ್ಗು! ಅದು ಕಳಿಸುವ ಕೋಡ್ ಬೇರೆ, ಫರ್ಮ್‌ವೇರೂ ಅದಕ್ಕೆ ತಕ್ಕದ್ದೇ ಆಗಬೇಕು.

ಹಳೇ ಮಾಡೆಲ್ ಎಂನಲ್ಲಿ ವಿಂಡೋಸ್ ಕೀ ಇಲ್ಲ. ನಾನು ಕ್ಯಾಪ್ಸ್ ಲಾಕನ್ನೇ ವಿಂಡೋಸ್ ಕೀ ಮಾಡಿಕೊಂಡಿದ್ದೇನೆ, ಅದರಿಂದ ಇನ್ನೇನು ಉಪಯೋಗ. ಕನ್ನಡಕ್ಕೆ ತೊಂದರೆಯೇ ಇಲ್ಲ, ಕೆ.ಪಿ. ರಾವ್ ಕೀಲಿ ವಿನ್ಯಾಸ ಇರುವುದು ಕಂಪ್ಯೂಟರಿನಲ್ಲಿ, ಕೀಬೋರ್ಡಿನಲ್ಲಲ್ಲ.

ಇಷ್ಟಕ್ಕೆಲ್ಲ ಕಾಸು ಹಾಕುವ ಮೊದಲು ಕೀಬೋರ್ಡನ್ನು ಒಮ್ಮೆ ಅಲುಗಾಡಿಸಿ. ಒಳಗೆ ಗಲಗಲ ಅಂದರೆ ಬಹುಶಃ ಒಳಗಿನ ಪದರಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ರಿವೆಟ್ ಮುರಿದಿವೆ. ಅವುಗಳ ಜಾಗದಲ್ಲಿ ತೂತು ಕೊರೆದು ಸಣ್ಣ ಬೋಲ್ಟ್ ಹಾಕಲು ಒಂದಿಡೀ ಭಾನುವಾರ ಬೇಕು.